ಬೈನೆ ತಿರುವಿನ ಎರಡು ಗುಂಡು

ಮೊನ್ನೆ ಸೋಮವಾರಪೇಟೆಯ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರು ಹುಡುಗರು ಪೇಪರು ಹಿಡಿದುಕೊಂಡು ಜಗಳವಾಡುತ್ತಿದ್ದರು. ವಿಮಾನ ಓಡಿಸುವವನ ಹತ್ತಿರ ಪಿಸ್ತೂಲು ಇರಬೇಕು ಅಂತ ಒಬ್ಬ, ಕೂಡದು ಅಂತ ಇನ್ನೊಬ್ಬ. ಇಬ್ಬರೂ ವಿಮಾನ ಹತ್ತಿದವರ ಹಾಗೆ ಕಾಣಲಿಲ್ಲ. ಕೊನೆಗೆ ಒಬ್ಬ ನನ್ನ ಕಡೆ ತಿರುಗಿ, "ತಾತ, ನೀವೇನ್ ಹೇಳ್ತೀರಿ?" ಅಂದ. ವಯಸ್ಸಾದವರನ್ನು ಕಂಡರೆ ಹುಡುಗರಿಗೆ ಏನಾದರೂ ಕೇಳಬೇಕು ಅನ್ನಿಸುತ್ತದೆ, ಉತ್ತರ ಕೇಳುವ ಪುರುಸೊತ್ತು ಮಾತ್ರ ಇರುವುದಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಎದ್ದು ಬಂದೆ. ಬೇಡ ಅಂತ ಒಂದೇ ಮಾತಿನಲ್ಲಿ ಹೇಳಬಹುದಾಗಿತ್ತು. ಯಾಕೆ ಬೇಡ ಅಂತ ಹೇಳಲು ಹೋದರೆ ಮೊಣ್ಣಪ್ಪಣ್ಣನ ವಿಷಯ ಹೇಳಬೇಕು.

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಅಂಗೈ ಅಗಲದ್ದಾದರೂ ತನ್ನದೇ ರಾಜ್ಯ, ತನ್ನದೇ ಮಂತ್ರಿಗಳು, ಮಡಿಕೇರಿಯಲ್ಲಿ ತನ್ನದೇ ಚೀಫ್ ಕಮಿಷನರು. ನನ್ನ ಹೆಸರು ಸಣ್ಣಸ್ವಾಮಿ. ನಮ್ಮಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಹಾರಂಗಿ ಹೊಳೆಯ ದಂಡೆಯಲ್ಲಿ ಗದ್ದೆ ಮಾಡಿಕೊಂಡವರು ನಾವು. ನನ್ನ ಸೋದರಮಾವ ಕೆಂಪಣ್ಣ ಯುದ್ಧದ ಕಾಲದಲ್ಲಿ ಅಸ್ಸಾಮಿಗೆ ಹೋಗಿ, ವಿಮಾನ ಇಳಿಯುವ ಬಯಲು ಮಾಡುವ ಕೂಲಿಗಳಿಗೆ ಮೇಸ್ತ್ರಿಯಾಗಿದ್ದು, ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡು ಬಂದ. ಸೈನ್ಯದವರು ಹರಾಜು ಹಾಕಿದ ಹಳೆಯ ಲಾರಿ ಹಿಡಿದು, ಅದಕ್ಕೆ ಬಸ್ಸಿನ ಮೈ ಕಟ್ಟಿಸಿ, ಮಡಿಕೇರಿಯಿಂದ ಭಾಗಮಂಡಲಕ್ಕೆ ಬಿಟ್ಟ. ಅದರ ಕಂಡಕ್ಟರ್ ನಾನು. ಡ್ರೈವರ್ ಮೊಣ್ಣಪ್ಪ.

ಮೊಣ್ಣಪ್ಪಣ್ಣ ಅರೆಭಾಷೆ ಗೌಡರವನು, ನನಗಿಂತ ಹತ್ತು ವರ್ಷಕ್ಕೆ ಹಿರಿಯ. ಬರ್ಮಾ ಗಡಿಯ ಬೆಟ್ಟಗಳಲ್ಲಿ ಸೈನ್ಯದ ಲಾರಿ ಓಡಿಸಿದ್ದ. ನಿದ್ದೆಯನ್ನು ಅಲ್ಲೇ ಬಿಟ್ಟು ಬಂದೆ ಅನ್ನುತ್ತಿದ್ದ. ಅವನ ಕಣ್ಣು ನೋಡಿದರೆ ಅದು ಸುಳ್ಳಲ್ಲ ಅಂತ ಗೊತ್ತಾಗುತ್ತಿತ್ತು. ಬೆಳಿಗ್ಗೆ ಭಾಗಮಂಡಲ ಬಿಟ್ಟರೆ ಮಡಿಕೇರಿ, ಸಾಯಂಕಾಲ ಮಡಿಕೇರಿ ಬಿಟ್ಟರೆ ಭಾಗಮಂಡಲ. ರಾತ್ರಿ ಬಸ್ಸಿನ ಸೀಟಿನ ಮೇಲೇ ಮಲಗಬೇಕು. ಅವನ ಮನೆ ನಡುದಾರಿಯಲ್ಲಿ, ಕರಿಮೊಟ್ಟೆ ಎಂಬಲ್ಲಿ, ರಸ್ತೆಗೆ ತಾಗಿದಂತೆ ಇತ್ತು. ಮನೆಯಲ್ಲಿ ಅವ್ವ ಪೊನ್ನಮ್ಮ, ಹೆಂಡತಿ ಸರೋಜ. ಮಕ್ಕಳಿರಲಿಲ್ಲ. ದಿನಕ್ಕೆ ಎರಡು ಸಲ ಸ್ವಂತ ಮನೆಯ ಮುಂದೆ ಹಾದುಹೋಗುವುದು, ಒಂದು ನಿಮಿಷ ಬಸ್ಸು ನಿಲ್ಲಿಸಿ ಬೇಲಿಯ ದಾರಿಗೆ ಅಡ್ಡಗಳು ಜಾರಿಸಿದ ಉಣುಗೋಲಿನ ಹತ್ತಿರ ನಿಂತು ಅವ್ವನನ್ನು ಮಾತಾಡಿಸುವುದು, ಮತ್ತೆ ಬಂದು ಸ್ಟೇರಿಂಗ್ ಹಿಡಿಯುವುದು. ಇದೂ ಒಂದು ಸಂಸಾರವಾ ಅಂತ ನಾನು ಕೇಳಿದರೆ, "ಸಂಬಳ ಬರ್ತದಲ್ಲ ಮಾರಾಯ" ಅನ್ನುತ್ತಿದ್ದ.

ಇನ್ನು ಕೋವಿಯ ವಿಷಯ. ಕೊಡಗಿನಲ್ಲಿ ರಾಜರ ಕಾಲದಿಂದ ವಂಶಕ್ಕೆ ಬಂದ ಜಮ್ಮಾ ಜಮೀನು ಇರುವ ಮನೆಯವರಿಗೆ ಕೋವಿಗೆ ಲೈಸೆನ್ಸ್ ಬೇಡ. ಮನೆ ಅಂದ ಮೇಲೆ ಗೋಡೆಯ ಗೂಟದಲ್ಲಿ ಒಂದು ಕೋವಿ ಇದ್ದೇ ಇರುತ್ತದೆ. ಅದು ಬರೀ ಹಂದಿ ಹೊಡೆಯುವುದಕ್ಕಲ್ಲ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು, ಅವರ ಮಾತಿನಲ್ಲಿ ಈಡು, ಹೊಡೆಯುತ್ತಾರೆ. ಸಾವಾದರೆ ಒಂದರ ಹಿಂದೆ ಒಂದು, ಎರಡು. ಅಲ್ಲಿ ಗುಡ್ಡಕ್ಕೊಂದು ಮನೆ, ಹೇಳಿ ಕಳಿಸುವುದಕ್ಕೆ ಆಳಿಲ್ಲ, ಕೂಗಿದರೆ ಕೇಳುವುದಿಲ್ಲ. ಎರಡು ಗುಂಡು ಕೇಳಿದವನು ಯಾರ ಮನೆ ಅಂತ ದಿಕ್ಕು ನೋಡಿ, ಒಲೆಯ ಬೆಂಕಿಗೆ ನೀರು ಹಾಕಿ, ಇದ್ದ ಹಾಗೇ ಹೊರಡಬೇಕು. ಹೆಣ ಎತ್ತುವವರೆಗೆ ಸುತ್ತಿನ ಯಾವ ಮನೆಯಲ್ಲೂ ಒಲೆ ಉರಿಯಬಾರದು. ನಮ್ಮ ಹೊಳೆದಂಡೆಯಲ್ಲಿ ಇದೆಲ್ಲ ಇಲ್ಲ, ತಮಟೆಯವನೇ ಗತಿ. ಅದಕ್ಕೇ ನನಗೆ ಮೊದಮೊದಲು ಇದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಂಪಾಜೆ ಘಾಟಿಯಲ್ಲಿ ಯಾರದೋ ಬಸ್ಸಿಗೆ ಮರ ಅಡ್ಡ ಹಾಕಿ, ಹೆಂಗಸರ ಕತ್ತಿನಿಂದ ಒಡವೆ ಬಿಚ್ಚಿಸಿಕೊಂಡು ಹೋದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಬಸ್ಸಿನ ಮಾಲೀಕರೆಲ್ಲ ಎಚ್ಚೆತ್ತರು. ನಮ್ಮ ಮಾವನಂತೂ ಬೇರೆಯವರ ಕೋಟೆ ಸೂರೆ ಹೋದದ್ದಕ್ಕೇ ಗಾಬರಿಯಾದವನು. ಮಾರನೇ ದಿನ ಮಡಿಕೇರಿಯ ಶೆಡ್ಡಿಗೆ ಬಂದು ಮೊಣ್ಣಪ್ಪಣ್ಣನನ್ನು ಕರೆದ.

"ಮೊಣ್ಣಪ್ಪ, ನಿಮ್ಮನೆ ಕೋವಿ ತಂದು ಡ್ರೈವರ್ ಸೀಟಿನ ಪಕ್ಕದಾಗೆ ಇಟ್ಕೊ. ನಾನು ಲೈಸೆನ್ಸಿಗೆ ಅರ್ಜಿ ಹಾಕಿವ್ನಿ, ಅದು ಬರೋಗಂಟ."

"ಸ್ಟೇರಿಂಗ್ ಹಿಡಿಯುವವನಿಗೆ ಕೋವಿ ಎಂತಕ್ಕೆ, ಸಾಹುಕಾರ್ರೆ?"

"ಅಸ್ಸಾಮಿನಾಗೆ ಡಕೋಟ ಓಡಿಸೋ ಪೈಲಟ್‌ಗಳನ್ನ ಕಣ್ಣಾರೆ ಕಂಡಿವ್ನಿ ಕಣಯ್ಯ. ಒಬ್ಬೊಬ್ಬನ ಸೊಂಟದಾಗೂ ಪಿಸ್ತೂಲು. ಬೆನ್ನ ಹಿಂದೆ ಜನ ಕೂರಿಸ್ಕಂಡು ಹೋಗೋನ ಕೈ ಬರಿದಾಗಿರಬಾರ್ದು."

"ಆ ಪೈಲಟ್‌ಗಳನ್ನ ನಾನೂ ಕಂಡಿದ್ದೇನೆ. ಆ ಪಿಸ್ತೂಲು ಹಾರುವಾಗ ಹೊಡೀಲಿಕ್ಕೆ ಅಲ್ಲ. ವಿಮಾನ ಕಾಡಲ್ಲಿ ಬಿದ್ದು, ಇವ ಜೀವ ಸಹಿತ ಉಳಿದ್ರೆ, ಆಗ ಬೇಕಾಗ್ತದೆ ಅಂತ. ಹಾರುವಾಗ ಅವನ ಎರಡು ಕೈಗೂ ಬೇರೆ ಕೆಲಸ ಉಂಟು."

"ಹೊಡೀದಿದ್ರೂ ಬ್ಯಾಡ. ಕಂಡ್ರೆ ಸಾಕು, ಕಳ್ಳ ಹೆದ್ರುತಾನೆ."

"ಕಂಡ್ರೆ ಸಾಕಾದ್ರೆ ಬಡಗಿಗೆ ಹೇಳಿ ಮರದ್ದೊಂದು ಮಾಡಿಸಿ."

ಮಾವನಿಗೆ ಸಿಟ್ಟು ಬಂತು. ಸಂಬಳ ಕೊಡುವವನ ಸಿಟ್ಟು ಬೇಗ ಗೆಲ್ಲುತ್ತದೆ. ಎರಡು ದಿನದಲ್ಲಿ ಮೊಣ್ಣಪ್ಪಣ್ಣನ ಜೋಡಿ ನಳಿಗೆಯ ಕೋವಿ ಗೂಟ ಬಿಟ್ಟು ಬಸ್ಸಿಗೆ ಬಂತು. ಅವನ ಎಡಗೈಗೆ ಸಿಗುವ ಹಾಗೆ ಎರಡು ಕಬ್ಬಿಣದ ಕೊಕ್ಕೆ ಹೊಡೆಸಿ ಅದರಲ್ಲಿ ಇಟ್ಟರು. ನಾನು ಅದನ್ನು ಮುಟ್ಟುವ ಹಾಗಿರಲಿಲ್ಲ, ಜಮ್ಮಾದವನಲ್ಲವಲ್ಲ. ಬಸ್ಸಿನಲ್ಲಿ ಕೂತವರಿಗೆ ಒಳ್ಳೆ ಹೊತ್ತು ಹೋಯಿತು. ಎಸ್ಟೇಟ್ ರೈಟರುಗಳು ಇದ್ದರೆ ಧೈರ್ಯ ಅಂದರು. ಹೆಂಗಸರು ಎಲ್ಲಿ ತಂತಾನೇ ಹಾರುತ್ತದೋ ಅಂತ ಹಿಂದಿನ ಸೀಟಿಗೆ ಹೋದರು. ಓಡಿಸುವವನನ್ನು ಯಾರೂ ಕೇಳಲಿಲ್ಲ.

ಕರಿಮೊಟ್ಟೆ ದಾಟಿದ ಮೇಲೆ ಒಂದು ಫರ್ಲಾಂಗು ಮುಂದೆ ಬೈನೆ ತಿರುವು. ಒಂದು ಕಡೆ ಗುಡ್ಡ ಕಡಿದ ದರೆ, ಇನ್ನೊಂದು ಕಡೆ ಕಮರಿ. ಮರ ಅಡ್ಡ ಹಾಕುವವನಿಗೆ ಹೇಳಿ ಮಾಡಿಸಿದ ಜಾಗ. ಒಂದು ಸಾಯಂಕಾಲ ಮಬ್ಬು ಬೆಳಕಿನಲ್ಲಿ ಆ ತಿರುವಿಗೆ ಹೋದರೆ ನಾಲ್ಕು ಜನ ಗಂಡಸರು ರಸ್ತೆಗೆ ಅಡ್ಡವಾಗಿ ನಿಂತು ಕೈ ಎತ್ತಿ ಕೂಗುತ್ತಿದ್ದಾರೆ. ನಮ್ಮ ಹಿಂದೆ ಯಾರೋ "ಕಳ್ಳರು! ಹೊಡಿ!" ಅಂತ ಕಿರುಚಿದರು. ಮೊಣ್ಣಪ್ಪಣ್ಣನ ಎಡಗೈ ಕೋವಿಗೆ ಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ ಒಂದು ಕೈ ಕೋವಿ ಎತ್ತುತ್ತಿದ್ದರೆ ಒಂಟಿಯಾದ ಇನ್ನೊಂದು ಕೈಗೆ ಬಸ್ಸು ಬಗ್ಗಲಿಲ್ಲ. ಮುಂದಿನ ಚಕ್ರ ಕಮರಿಯ ಅಂಚಿಗೆ ಜಾರಿತು. ರಸ್ತೆ ರಿಪೇರಿಗೆ ಅಂತ ರಾಶಿ ಹಾಕಿದ್ದ ಜಲ್ಲಿ ಇಲ್ಲದಿದ್ದರೆ ನಾನು ಇದನ್ನು ಹೇಳಲು ಇರುತ್ತಿರಲಿಲ್ಲ.

ಆ ನಾಲ್ವರು ಹತ್ತಿರದ ಎಸ್ಟೇಟಿನ ಕೂಲಿ ಲೈನಿನವರು. ಮುದ್ದಿ ಎಂಬ ಹೆಂಗಸಿಗೆ ಮೂರ್ಛೆ ಬರುವಷ್ಟು ಜ್ವರ, ಕಂಬಳಿಯಲ್ಲಿ ಹೊತ್ತು ತಂದು ಭಾಗಮಂಡಲದ ಡಾಕ್ಟರ ಹತ್ತಿರ ಕರೆದೊಯ್ಯಲು ಬಸ್ಸಿಗೆ ಕಾದಿದ್ದರು. ಅವರೇ ಬಸ್ಸಿಗೆ ಹೆಗಲು ಕೊಟ್ಟು ರಸ್ತೆಗೆ ತಂದರು. ಮೊಣ್ಣಪ್ಪಣ್ಣ ಜಲ್ಲಿ ರಾಶಿಯ ಮೇಲೆ ಕೂತಿದ್ದ.

"ಇನ್ನೊಂದು ಗಳಿಗೆ ಹೋಗಿದ್ರೆ ಇವರಲ್ಲಿ ಒಬ್ಬನ ಎದೆಗೆ ಹೊಡೀತಿದ್ದೆ, ಇಲ್ಲಾಂದ್ರೆ ನಿಮ್ಮನ್ನೆಲ್ಲ ಕಮರಿಗೆ ಹಾಕ್ತಿದ್ದೆ" ಅಂದ. "ಎರಡೂ ಮಾಡ್ತಿದ್ದೆ, ಸಣ್ಣಸ್ವಾಮಿ."

ಮರುದಿನ ಮಾವನಿಗೆ ಇದನ್ನೇ ಹೇಳಿ, ಕೋವಿ ಮನೆಗೆ ಒಯ್ಯುತ್ತೇನೆ ಅಂದ. ಮಾವ ಹಟ ಬಿಡಲಿಲ್ಲ, ದಾರಿ ಹುಡುಕಿದ. ತಿರುವಿಗೆ ಮೊದಲೇ ಬಸ್ಸು ನಿಲ್ಲಿಸು, ಕಿಟಕಿಯಿಂದ ಗಾಳಿಗೆ ಒಂದು ಗುಂಡು ಹೊಡಿ, ಕೋವಿ ಕೊಕ್ಕೆಗೆ ಇಟ್ಟು ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ಹೋಗು. ಕಳ್ಳರಿದ್ದರೆ ಓಡುತ್ತಾರೆ, ರೋಗಿಗಳಿದ್ದರೆ ಕೂಗುತ್ತಾರೆ. ಕೇಳುವುದಕ್ಕೆ ಚೆನ್ನಾಗಿತ್ತು.

ಒಂದು ಗುಂಡು ಹೊಡೆದು ಬಂದ ಮರುದಿನ ಬೆಳಿಗ್ಗೆ ಕರಿಮೊಟ್ಟೆಯಲ್ಲಿ ಆರೇಳು ಜನ ರಸ್ತೆಗೆ ಬಂದು, ಯಾರ ಮನೆಯಲ್ಲಿ ಗಂಡಾಯಿತು ಅಂತ ಕೇಳಿದರು. ಒಬ್ಬಳು ಅಜ್ಜಿ ಬಾಣಂತಿಗೆ ಅಂತ ತುಪ್ಪದ ಭರಣಿ ಹಿಡಿದು ಬಂದಿದ್ದಳು. ತುಪ್ಪವನ್ನು ವಾಪಸು ಒಯ್ಯುವಾಗ ಅವಳು ನಮ್ಮನ್ನು ನೋಡಿದ ನೋಟ ಈಗಲೂ ನೆನಪಿದೆ.

"ಒಂದು ಹೊಡೆದ್ರೆ ಹುಟ್ಟು, ಎರಡು ಹೊಡೆದ್ರೆ ಸಾವು" ಅಂದ ಮೊಣ್ಣಪ್ಪಣ್ಣ ಮಾವನಿಗೆ. "ಬೇರೆ ಎಂತ ಉಂಟು?"

"ಮೂರು ಹೊಡಿ."

"ನಳಿಗೆ ಇರೋದೇ ಎರಡು. ಮೂರನೇದಕ್ಕೆ ಮತ್ತೆ ತುಂಬಿಸಬೇಕು. ಅಷ್ಟು ಹೊತ್ತು ಕತ್ತಲಲ್ಲಿ ನಿಂತಿದ್ರೆ ಕಳ್ಳ ಬಂದು ತುಂಬಿಸಿ ಕೊಟ್ಟಾನು."

ಮಾವ ತಲೆ ಕೆರೆದುಕೊಂಡ. ಕೊನೆಗೆ ಎರಡೇ ಹೊಡಿ, ಬಸ್ಸಿನಲ್ಲಿ ಎರಡು ನಳಿಗೆಯ ಕೋವಿ ಇದೆ ಅಂತ ಕಳ್ಳನಿಗೂ ಗೊತ್ತಾಗಲಿ, ಊರಿನವರಿಗೆ ಹೇಳಿದರೆ ಆಯಿತು ಅಂದ. ದಿನಾ ಸಾಯಂಕಾಲ ಬೈನೆ ತಿರುವಿನ ಕಡೆ ಎರಡು ಗುಂಡು ಕೇಳಿದರೆ ಅದು ಬಸ್ಸು. ಅಷ್ಟೇ ತಾನೆ?

ನಾವು ಮನೆ ಮನೆಗೂ ಹೇಳಿದೆವು. ಆದರೂ ಮೊದಲ ದಿನ ಜನ ಓಡಿಕೊಂಡೇ ಬಂದರು. ಮೊಣ್ಣಪ್ಪಣ್ಣನ ಮನೆಯ ಕೆಳಗಿನ ಗದ್ದೆಯ ಆಚೆ ಉತ್ತಯ್ಯನವರ ಮನೆ. ಸಂಬಂಧದಲ್ಲಿ ಅವನಿಗೆ ಅಣ್ಣನಾಗಬೇಕು, ಊರಿನಲ್ಲಿ ಹಿರಿಯರು. ಅವರು ತಲೆಗೆ ಬಟ್ಟೆ ಸುತ್ತಿಕೊಂಡು ಏದುಸಿರು ಬಿಡುತ್ತ ಬಂದು, ಬಸ್ಸಿನ ಮುಂದೆ ನಿಂತು, "ಸಾವಿನ ಈಡನ್ನ ಆಟದ ಸಾಮಾನು ಮಾಡ್ಬೇಡ, ಮೊಣ್ಣಪ್ಪ" ಅಂದರು. ಅವನು ತಲೆ ಬಗ್ಗಿಸಿ ಕೂತ. ಎರಡನೇ ದಿನ ಬಂದವರು ಕಡಿಮೆ. ಒಂದು ವಾರದಲ್ಲಿ ಯಾರೂ ಬರಲಿಲ್ಲ.

ಮನುಷ್ಯನಿಗೆ ಎಲ್ಲವೂ ಬೇಗ ರೂಢಿಯಾಗುತ್ತದೆ. ಹುತ್ತರಿ ಹಬ್ಬದ ಹೊತ್ತಿಗೆ ಆ ಕಣಿವೆಯ ಹೆಂಗಸರು ನಮ್ಮ ಗುಂಡು ಕೇಳಿ ಅನ್ನಕ್ಕೆ ಇಡುತ್ತಿದ್ದರು. ಗಡಿಯಾರ ಇದ್ದ ಮನೆಗಳು ಎಷ್ಟಿದ್ದವು ಆಗ? ಎರಡು ಗುಂಡು, ಬಸ್ಸು ಬಂತು, ಒಲೆ ಹಚ್ಚು. ಮೊಣ್ಣಪ್ಪಣ್ಣನ ಮನೆಯಲ್ಲೂ ಅದೇ.

ಪೊನ್ನಮ್ಮ ಅವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಉಸಿರಾಟದ ತೊಂದರೆ. ಬಸ್ಸು ನಿಲ್ಲುವ ಆ ಒಂದು ನಿಮಿಷದಲ್ಲಿ ನಾನೂ ಒಳಗೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಮೈಯಲ್ಲಿ ಏನೂ ಉಳಿದಿರಲಿಲ್ಲ, ನಾಲಿಗೆ ಮಾತ್ರ ಗಟ್ಟಿಯಾಗಿತ್ತು.

"ಬಾ ಸಣ್ಣಸ್ವಾಮಿ. ನನ್ನ ಮಗ ದಿನಾ ಸಾಯಂಕಾಲ ನನ್ನ ಸಾವು ಹೊಡೀತಾನೆ ನೋಡು. ನಾನು ದಿನಾ ಗಂಜಿ ಕುಡಿದು ಮಲಗ್ತೇನೆ."

ನಾನು ನಕ್ಕೆ. ಮೊಣ್ಣಪ್ಪಣ್ಣ ನಗಲಿಲ್ಲ. ಅವಳು ಮಗನ ಕೈ ಹಿಡಿದು ಅವರ ಭಾಷೆಯಲ್ಲಿ ಹೇಳಿದಳು: "ಕೋವಿ ಮನೆಲಿ ಇರೊಕು ಮಗ. ನಾ ಹೋದರೆ ಎರಡ್ ಈಡ್ ಹೊಡಿಯೊಕು. ಊರ್ ಬರೊಕು."

ಹಾಗೆ ಹೇಳುವುದಕ್ಕೆ ಕಾರಣವಿತ್ತು. ಮೊಣ್ಣಪ್ಪಣ್ಣ ತೊಟ್ಟಿಲಲ್ಲಿದ್ದಾಗ ಅವನ ಅಪ್ಪ ಆಟಿ ತಿಂಗಳ ಮಳೆಯಲ್ಲಿ ತೀರಿಹೋದನಂತೆ. ಆಗ ಮದ್ದು ತುಂಬುವ ಹಳೆ ಕೋವಿ. ಮದ್ದು ನೆಂದುಹೋಗಿ ಗುಂಡು ಹಾರಲಿಲ್ಲ. ಊರಿಗೆ ತಿಳಿಯಲಿಲ್ಲ. ಅವಳೊಬ್ಬಳೇ ಮಡಿಲಲ್ಲಿ ಕೂಸು ಇಟ್ಟುಕೊಂಡು ಹೆಣದ ಪಕ್ಕ ಬೆಳಗಾಗುವವರೆಗೆ ಕೂತಿದ್ದಳು. ಆ ಒಂದು ರಾತ್ರಿಯನ್ನು ಅವಳು ಜನ್ಮವಿಡೀ ಮರೆಯಲಿಲ್ಲ. ಸಾಯುವುದಕ್ಕೆ ಹೆದರಿಕೆ ಇರಲಿಲ್ಲ ಅವಳಿಗೆ. ಯಾರಿಗೂ ಕೇಳಿಸದೆ ಸಾಯುವುದಕ್ಕೆ ಹೆದರಿಕೆ.

ಮೊಣ್ಣಪ್ಪಣ್ಣ ಮತ್ತೆ ಮಾವನ ಹತ್ತಿರ ಹೋದ. ಅವ್ವನಿಗೆ ಹುಷಾರಿಲ್ಲ, ಕೋವಿ ಮನೆಯಲ್ಲಿರಬೇಕು ಅಂದ. ಮಾವ ಕೆಟ್ಟವನಲ್ಲ, ಆದರೆ ಅವನಿಗೆ ಗೂಟದ ಮೇಲಿನ ಕೋವಿ ಬರೀ ಕೋವಿ. "ಕಾಫಿ ಕುಯ್ಲು ಮುಗೀಲಿ ತಡಿಯಯ್ಯ. ಎಸ್ಟೇಟುಗಳ ಬಟವಾಡೆ ದುಡ್ಡು ನಮ್ಮ ಬಸ್ಸಿನಾಗೇ ಹೋಯ್ತದೆ. ನನ್ನ ಲೈಸೆನ್ಸ್ ಇವತ್ತೋ ನಾಳೆಯೋ ಬತ್ತದೆ" ಅಂದ. ನಾನು ಪಕ್ಕದಲ್ಲಿದ್ದು, "ಮಾವ, ಬಿಡು, ಕೊಟ್ಬಿಡು" ಅಂದೆ. "ನಿಂಗೇನ್ಲಾ ಗೊತ್ತು" ಅಂತ ನನ್ನ ಬಾಯಿ ಮುಚ್ಚಿಸಿದ. ಮೊಣ್ಣಪ್ಪಣ್ಣ ವಾದ ಮಾಡಲಿಲ್ಲ. ಮೊದಲಾಗಿದ್ದರೆ ಒಂದು ಚುಚ್ಚು ಮಾತಾದರೂ ಆಡುತ್ತಿದ್ದ. ದಣಿದವನು ಜಗಳಕ್ಕೆ ಹೋಗುವುದಿಲ್ಲ, ಹೂಂ ಅಂದು ಎದ್ದು ಬರುತ್ತಾನೆ. ದಾರಿಯಲ್ಲಿ ಉತ್ತಯ್ಯನವರನ್ನು ಕಂಡು, ಅವ್ವನಿಗೆ ಏನಾದರೂ ಆದರೆ ಗುಂಡು ಹೊಡೆಯಬೇಕು ಅಂತ ಹೇಳಿ ಇಟ್ಟ. "ನನ್ನ ಕೋವಿ ಉಂಟಲ್ಲ, ಸರೋಜ ಬಂದು ಒಂದು ಮಾತು ಹೇಳಿದ್ರೆ ಸಾಕು" ಅಂದರು ಅವರು. ಅದರಿಂದ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಕುಯ್ಲಿನ ನಡುವೆ ಒಂದು ಸಾಯಂಕಾಲ. ಚಳಿ, ಗಾಳಿ ಇಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ಬಸ್ಸಿನಲ್ಲಿ ಹತ್ತು ಹನ್ನೆರಡು ಜನ. ಕರಿಮೊಟ್ಟೆಗೆ ಬಂದಾಗ ಉಣುಗೋಲಿನ ಹತ್ತಿರ ಸರೋಜಕ್ಕ ನಿಂತಿದ್ದಳು. ದಿನಾ ಹಾಗೆ ನಿಲ್ಲುವವಳಲ್ಲ. ತಲೆಗೂದಲು ಬಿಚ್ಚಿತ್ತು. ಹಿಂದೆ ಬಾಗಿಲು ಪೂರಾ ತೆರೆದಿತ್ತು, ಒಳಗೆ ನೆಲದ ಮೇಲೆ ದೀಪ ಕಾಣುತ್ತಿತ್ತು. ಮೊಣ್ಣಪ್ಪಣ್ಣ ಎಂಜಿನ್ ಆರಿಸಿದ. ಇಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮಧ್ಯಾಹ್ನವೇ ಹೋದ್ರು" ಅಂದಳು ಸರೋಜಕ್ಕ. "ನೀರು ಕೇಳಿದ್ರು. ಕುಡಿಸಿದೆ. ಅಷ್ಟೇ. ಗೂಟ ನೋಡಿದೆ, ಕೋವಿ ಇಲ್ಲ. ಹೆಣ ಒಂಟಿ ಬಿಟ್ಟು ಉತ್ತಯ್ಯ ಬಾವನ ಮನೆಗೆ ಹೇಗೆ ಹೋಗ್ಲಿ? ಇಲ್ಲಿಂದಲೇ ಕೂಗಿದೆ. ಎಲ್ಲ ಕುಯ್ಲಿಗೆ ಹೋಗಿದ್ದಾರೆ, ಒಬ್ಬರಿಗೂ ಕೇಳಲಿಲ್ಲ. ರಸ್ತೆಯಲ್ಲಿ ಒಂದು ನರಪಿಳ್ಳೆ ಬರಲಿಲ್ಲ."

ಮೊಣ್ಣಪ್ಪಣ್ಣ ಒಳಗೆ ಹೋಗಿ ಅವ್ವನನ್ನು ನೋಡಿದ. ಮುಖಕ್ಕೆ ಮುಖ ತಾಗಿಸಿ ಏನೋ ಅಂದ, ನನಗೆ ಕೇಳಲಿಲ್ಲ. ಬಸ್ಸಿನ ಹೆಂಗಸರು ಇಳಿದು ಬಂದು ಸರೋಜಕ್ಕನನ್ನು ಹಿಡಿದುಕೊಂಡು ಕೂತರು. ಅವನು ಹೊರಗೆ ಬಂದು ಬಸ್ಸಿನಿಂದ ಕೋವಿ ತೆಗೆದ. ಅಂಗಳದ ನಡುವೆ ನಿಂತ. ಆ ದಿನದ ಎರಡು ಗುಂಡು ನಳಿಗೆಯಲ್ಲಿ ತುಂಬಿಯೇ ಇದ್ದವು. ಒಂದು ಹೊಡೆದ. ಉಸಿರು ಬಿಟ್ಟು ಇನ್ನೊಂದು ಹೊಡೆದ. ಕಣಿವೆಯ ಆಚೆ ಬದಿಗೆ ಹೋಗಿ ಸದ್ದು ತಿರುಗಿ ಬಂತು. ಇಷ್ಟು ತಿಂಗಳು ದಿನಾ ಕೇಳಿದ ಸದ್ದೇ.

ಅವನು ಕೋವಿಯನ್ನು ಅಂಗಳದ ಕಟ್ಟೆಗೆ ಒರಗಿಸಿ ಕೂತ. ನಾವು ಗಂಡಸರು ನಿಂತು ಕಾದೆವು. ಗದ್ದೆಯ ಏರಿಯ ಮೇಲೆ ಯಾರಾದರೂ ಕಾಣುತ್ತಾರಾ ಅಂತ ಎಲ್ಲರ ಕಣ್ಣೂ ಅತ್ತಲೇ ಇತ್ತು. ಕುಯ್ಲಿನವರು ಮನೆಗೆ ಬಂದಿರುವ ಹೊತ್ತು. ಉತ್ತಯ್ಯನವರ ಮನೆಯಿಂದ ಇಲ್ಲಿಗೆ ಗದ್ದೆ ಇಳಿದು ಹತ್ತಿದರೆ ಬಂತು. ಯಾರೂ ಬರಲಿಲ್ಲ.

ಆಮೇಲೆ ಉತ್ತಯ್ಯನವರ ಮನೆಯ ಹೆಂಚಿನ ಮೇಲೆ ಹೊಗೆ ಎದ್ದಿತು. ಅದರಾಚೆಯ ಮನೆಯಲ್ಲೂ ಎದ್ದಿತು. ಗುಡ್ಡದ ಮೇಲೆ ಇನ್ನೊಂದು, ತೋಟದ ಮರಗಳ ನಡುವೆ ಇನ್ನೊಂದು. ಗಾಳಿ ಇರಲಿಲ್ಲವಲ್ಲ, ಒಂದೊಂದು ಹೊಗೆಯೂ ನೆಟ್ಟಗೆ ಮೇಲೆ ಹೋಗುವುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಎರಡು ಗುಂಡು ಕೇಳಿತು, ಬಸ್ಸು ಬಂತು, ಎಲ್ಲರೂ ಅನ್ನಕ್ಕೆ ಇಟ್ಟರು.

ನಾನು ತಡೆಯಲಾರದೆ, "ಅಣ್ಣ, ಇನ್ನೊಂದ್ಸಲ ಹೊಡಿಯಣ್ಣ. ಇಷ್ಟು ಹೊತ್ತಾದ್ಮೇಲೆ ಮತ್ತೆ ಕೇಳಿದ್ರೆ ಏನೋ ಅಂತ ಬತ್ತಾರೆ" ಅಂದೆ.

ಅವನು ತಲೆ ಎತ್ತಿದ. "ನಾಲ್ಕು ಹೊಡೆದ್ರೆ ಎರಡು ಸಾವು, ಸಣ್ಣಸ್ವಾಮಿ. ನಂಗೆ ಇದ್ದದ್ದು ಒಬ್ಬಳೇ ಅವ್ವ."

ಆ ಮಾತಿನ ಮೇಲೆ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಟಿಕೆಟ್ಟಿನ ಚೀಲ ಬಸ್ಸಿಗೆ ಎಸೆದು ಗದ್ದೆಗೆ ಇಳಿದೆ. ಕೊಯ್ದ ಬತ್ತದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಮಾವನ ಮೇಲೆ, ಸಂಪಾಜೆಯ ಕಳ್ಳರ ಮೇಲೆ, ಡಕೋಟದ ಪೈಲಟ್‌ಗಳ ಮೇಲೆ, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು. ಅಷ್ಟು ದಿನದಲ್ಲಿ ಒಬ್ಬ ಕಳ್ಳನೂ ನಮ್ಮ ಬಸ್ಸಿನ ಹತ್ತಿರ ಸುಳಿದಿರಲಿಲ್ಲ.

ಉತ್ತಯ್ಯನವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದರು. "ಎಂತ ಸಣ್ಣಸ್ವಾಮಿ, ಬಸ್ಸು ಕೆಟ್ಟಿತಾ? ಕೂತ್ಕೊ. ಅನ್ನ ಆಗ್ತಾ ಉಂಟು, ಊಟ ಮಾಡಿಕೊಂಡು ಹೋಗು."

"ಬಸ್ಸು ಕೆಟ್ಟಿಲ್ಲಕ್ಕ" ಅಂದೆ. ಮುಂದಿನ ಮಾತು ಹೇಗೆ ಆಡಬೇಕೋ ಗೊತ್ತಾಗಲಿಲ್ಲ. ಅವರ ಕಡೆ ಸಾವನ್ನು ಬಾಯಿಂದ ಹೇಳಿ ರೂಢಿಯಿಲ್ಲ. "ಪೊನ್ನಮ್ಮ ಅವ್ವ ಹೋದ್ರು."

ಉತ್ತಯ್ಯನವರು ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದರು. ಚೊಂಬು ಕೈಯಲ್ಲಿಯೇ ಉಳಿಯಿತು. "ಈಗ ಹೊಡೆದ ಈಡು?"

"ಅದು ಬಸ್ಸಿಂದಲ್ಲ. ಮನೆ ಅಂಗಳದ್ದು."

ಹೆಂಡತಿ ಒಳಗೆ ಹೋಗಿ, ಕುದಿಯುತ್ತಿದ್ದ ಅನ್ನದ ಪಾತ್ರೆ ಕೆಳಗಿಳಿಸಿ, ಬಿಂದಿಗೆಯ ನೀರನ್ನು ಪೂರಾ ಒಲೆಗೆ ಸುರಿದರು. ಚುಂಯ್ ಅಂತ ಬೂದಿ ಎದ್ದಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರು ಅಲ್ಲೇ ಅತ್ತರು. "ನಾನೇ ಕೇಳಿದೆ" ಅಂದರು. "ಕೇಳಿ ಅಕ್ಕಿ ತೊಳೆದೆ."

ಉತ್ತಯ್ಯನವರು ಪಂಚೆ ಎತ್ತಿ ಕಟ್ಟಿ ಮೇಲಿನ ಗುಡ್ಡಕ್ಕೆ ಹೊರಟರು. ನಾನು ಕೆಳಗಿನ ಮನೆಗಳಿಗೆ ಹೋದೆ. ಹೋದಲ್ಲೆಲ್ಲ ಮೊದಲು ಊಟಕ್ಕೆ ಕರೆದರು, ಆಮೇಲೆ ಒಲೆಗೆ ನೀರು ಹಾಕಿದರು. ಒಬ್ಬರೂ ಕೇಳಲಿಲ್ಲ ಅನ್ನಲಿಲ್ಲ.

ನಾನು ತಿರುಗಿ ಬರುವಾಗ ಕತ್ತಲಾಗಿತ್ತು. ಏರಿಯ ಮೇಲೆ ಉರಿಯುವ ಸೂಡಿ ಹಿಡಿದುಕೊಂಡು ಜನ ಬರುತ್ತಿದ್ದರು. ಬರಬೇಕಾದವರೆಲ್ಲ ಬಂದರು, ಹೆಂಗಸರು ಒಳಗೆ ಹೋಗಿ ಗೋಳಿಟ್ಟರು, ಗಂಡಸರು ಚಟ್ಟಕ್ಕೆ ಬಿದಿರು ಕಡಿಯಲು ಹೋದರು. ನಡೆಯಬೇಕಾದದ್ದೆಲ್ಲ ನಡೆಯಿತು ಅಂತಲೇ ಹೇಳಬೇಕು. ಮೊಣ್ಣಪ್ಪಣ್ಣ ಮಾತ್ರ ಕೂತಲ್ಲೇ ಕೂತಿದ್ದ. ಉತ್ತಯ್ಯನವರು ಎಲ್ಲರಿಗಿಂತ ಕೊನೆಗೆ ಬಂದು ಅವನ ಎದುರು ನಿಂತರು. ಅವನಿಗಿಂತ ಅಷ್ಟು ಹಿರಿಯರು, ಮುಖ ಎತ್ತಿ ನೋಡಲು ಆಗದೆ ನೆಲ ನೋಡುತ್ತಿದ್ದರು.

"ನಿಮಗೆ ಕೇಳಿಸಲಿಲ್ವಾ, ಅಣ್ಣ?" ಅಂದ ಮೊಣ್ಣಪ್ಪಣ್ಣ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಕೇಳಿಸಲಿಲ್ಲ ಅಂತ ಅವರು ಹೇಳಲಿ ಅನ್ನುವ ಆಸೆ ಇತ್ತು.

"ಕೇಳಿಸಿತು, ಮೊಣ್ಣಪ್ಪ" ಅಂದರು ಉತ್ತಯ್ಯನವರು. "ಊರಿಗೆಲ್ಲ ಕೇಳಿಸಿತು."